ಯಾವ ಬೆಡಗು?

ಹುಣಸೆಬೀಜದ ಗಂಜಿಯ ವಾಸನೆ
ಆಫೀಸಿನ ಕಪಾಟಿನ ಒಳಗೂ ಇರುತ್ತದೆ.
ಚಳ್ಳಕೆರೆಯ ಉಣ್ಣೆ ಸೊಸೈಟಿಯಲ್ಲಿ
ರಸೀದಿ ಬರೆಯುವವನು ನಾನು.
ಮಧ್ಯಾಹ್ನ ಮೂರರ ಬಿಸಿಲಲ್ಲಿ, ಬಾಗಿಲಿಗೆ ತಲೆ ತಗ್ಗಿಸಿ,
ಒಬ್ಬ ಇಂಗ್ಲೆಂಡಿನವನು ಬಂದ. ಚಡ್ಡಿ. ಕೆಂಪು ಮೊಣಕಾಲು.

ಹೆಸರು ಬೇಕು ಅಂದೆ.
ಹೇಳಿದ. ಮತ್ತೆ ಹೇಳಿದ.
ಮೂರನೇ ಸಲ ಮುರಿದು ಕೊಟ್ಟ: ಶೀಪ್, ಆಮೇಲೆ ಶ್ಯಾಂಕ್ಸ್.
ಕುರಿ ಸರಿ. ಶ್ಯಾಂಕ್ಸ್ ಅಂದರೆ?
ಅವನು ಬಗ್ಗಿ
ತನ್ನ ಕಣಕಾಲನ್ನೇ ತಟ್ಟಿ ತೋರಿಸಿದ.

ಗುಂಡಿಮಗ್ಗದಲ್ಲಿ ಸೊಂಟದ ತನಕ ನೆಲದೊಳಗಿದ್ದ
ಸಣ್ಣ ಪಾಲಮ್ಮ ತಲೆ ಎತ್ತಿದಳು:
"ಏನಂತೆ ಅವುನ ಬೆಡಗು?"
ಕುರಿಗಾಲಂತೆ, ಅಂದೆ.
ಲಾಳಿ ನಿಂತಿತು.

ಆಮೇಲೆ ಬೀಗತನಕ್ಕೆ ಬಂದವರನ್ನು ಕೇಳುವ ಹಾಗೆ ಕೇಳಿದಳು,
ಮೂಲ ಯಾವುದು, ಎಷ್ಟು ಮನೆ,
ನಡುವೆ ನನ್ನ ಪಿಯುಸಿ ಇಂಗ್ಲಿಷು ಬೆವರುತ್ತ ಓಡಾಡಿತು.

ಯಾರ್ಕ್‌ಷೈರ್ ಅನ್ನುವ ಸೀಮೆಯಂತೆ, ಅಲ್ಲೂ ಕಲ್ಲು, ಗಾಳಿ, ಕುರಿ.
ಯಾವ ಕಾಲದಲ್ಲೋ ಯಾವನಿಗೋ ಕಡ್ಡಿಕಾಲು ಇದ್ದಿರಬೇಕು,
ಊರ ಹುಡುಗರು ಹಿಂದಿನಿಂದ ಕೂಗಿರಬೇಕು,
ಕಂದಾಯದ ಗುಮಾಸ್ತ ನಗುತ್ತ ಬರೆದುಕೊಂಡಿರಬೇಕು.
ದಪ್ಪ ದಪ್ಪ ಪುಸ್ತಕ ನೋಡಿದ್ದಾನೆ,
ಎಲ್ಲದರಲ್ಲೂ ಬರೀ ಇರಬೇಕು.
ಕಾಲು ಮಣ್ಣಾಯಿತು. ಹೆಸರು ನಡೆದುಕೊಂಡು ಬಂತು.

ಎಷ್ಟು ಮನೆ ಎಂಬುದಕ್ಕೆ ತಡವರಿಸಿದ.
ತಾತನ ಊರಿನ ಚರ್ಚಿನಂಗಳದ ಕಲ್ಲುಗಳಲ್ಲಿ ತುಂಬ,
ಊರಲ್ಲಿ ಈಗ ಒಂದೂ ಇಲ್ಲ.
ಇಬ್ಬರು ಹೆಣ್ಣುಮಕ್ಕಳು:
ದೊಡ್ಡವಳು ಮದುವೆಯಲ್ಲಿ ಬಿಟ್ಟಳು,
ಚಿಕ್ಕವಳನ್ನು ಶಾಲೆಯಲ್ಲಿ ಬ್ಯಾ ಎಂದು ಕರೆದರಂತೆ,
ಹದಿನೆಂಟು ತುಂಬಿದ ವಾರವೇ ಅರ್ಜಿ ಹಾಕಿ ಬದಲಿಸಿಕೊಂಡಳು.

"ನಮ್ಮಾಗೂ ಐದಾರೆ ಕಣಪ್ಪ ಕುರಿಗಾಲಿನೋರು,
ಪರಶುರಾಂಪುರದ ಕಡೀಕೆ.
ಮೂರು ಮನೆ. ಒಂದಕ್ಕೆ ಬೀಗ.
ಹಿಂದೆ ಒಬ್ಬಳು ಬಸುರಿ, ವೇದಾವತಿ ತುಂಬಿದಾಗ
ತೇಲಿ ಹೋಗೋ ಟಗರಿನ ಕಾಲು ಹಿಡಕಂಡು ದಡ ಸೇರಿದ್ಲು.
ಅವತ್ತಿನಿಂದ ಆ ಬೆಡಗಿನೋರು
ತಲೆ ತಿಂತಾರೆ, ಬೋಟಿ ತಿಂತಾರೆ,
ಕಾಲು ಮಾತ್ರ ಮುಟ್ಟಲ್ಲ.
ಕೇಳು ಅವುನ್ನ, ತಿಂತಾನೇನು?"

ಕೇಳಿದೆ.
ಮೊಣಕಾಲಿನ ಕೆಂಪು ಕುತ್ತಿಗೆಗೆ ಏರಿತು.
ನಿನ್ನೆ ರಾತ್ರಿ ದುರ್ಗದ ಮಿಲಿಟರಿ ಹೋಟೆಲಿನಲ್ಲಿ
ಎರಡು ಬಟ್ಟಲು ಕಾಲುಸೂಪು,
ಮೆಣಸು ಜಾಸ್ತಿ ಹಾಕಿಸಿಕೊಂಡು.

ಪಾಲಮ್ಮ ನಗಲಿಲ್ಲ.
"ಗೊತ್ತಿಲ್ದೆ ಕುಡಿದಿದ್ದು, ತಪ್ಪಲ್ಲ" ಅಂದಳು.
ಮತ್ತೆ ಗುಂಡಿಗೆ ಬಗ್ಗಿದ ಮೇಲೆ
ಅಲ್ಲಿಂದ ನಗು ಬಂತು, ಲಾಳಿಯ ಸದ್ದಿನ ಸಂದಿನಲ್ಲಿ.

ಕರಿ ಕಂಬಳಿ, ಒಂದು.
ಹೆಸರಿನ ಗೆರೆಯ ಮೇಲೆ ಪೆನ್ನು ನಿಂತಿತು.
ಶೀಪು, ಶಾಂಕು, ಎಲ್ಲಿ ಒತ್ತು, ಎಲ್ಲಿ ದೀರ್ಘ,
ಯಾರಿಗೆ ಗೊತ್ತು?
ಬರೆದೆ: ಕುರಿಗಾಲಪ್ಪ.
ಅವನು ಅಕ್ಷರಗಳ ಮೇಲೆ ಬೆರಳಾಡಿಸಿ
ಇದು ನಾನಾ ಅಂತ ಕೇಳಿದ.
ಹೌದು ಅಂದೆ,
ಕಂದಾಯದವನೂ ಹೀಗೇ ಅಂದಿರಬೇಕು.

ಮೂವತ್ತು ರೂಪಾಯಿಗೆ ಚಿಲ್ಲರೆ ಇರಲಿಲ್ಲ.
ಟೀ ಅಂಗಡಿಯಿಂದ ತರುವಷ್ಟರಲ್ಲಿ ಬಸ್ಸು ಹೋಗಿತ್ತು.
ದುಡ್ಡು ಇನ್ನೂ ಡ್ರಾವರಿನಲ್ಲಿದೆ, ಲಕೋಟೆಯ ಮೇಲೆ ಹೆಸರು.
ವರ್ಷಕ್ಕೊಮ್ಮೆ ಆಡಿಟಿನವರು ಕೇಳುತ್ತಾರೆ,
ಯಾರ್ರೀ ಇವನು, ಯಾವ ಕಡೆಯವನು?
ಪರಶುರಾಂಪುರದ ಕಡೆ ಸಾರ್,
ನಾಲ್ಕನೇ ಮನೆ.