ದಿನಾ ಉಜ್ಜುತ್ತೀರಾ?

ಹಸಿರು ಪಾಚಿಯಾಗಿದ್ದರೆ ಚಿಂತೆಯಿರಲಿಲ್ಲ.
ಅದು ಬಾಯಿಬಡುಕಿ, ಬಂದದ್ದು ಊರಿಗೇ ಗೊತ್ತು;
ಒಂದು ಡಬ್ಬ ಕ್ಲೋರಿನ್ ಸುರಿದರೆ
ರಾತ್ರೋರಾತ್ರಿ ಗಂಟುಮೂಟೆ ಕಟ್ಟುತ್ತದೆ.
ಇದು ಕಪ್ಪು.
ಸಾಸಿವೆ ಕಾಳಿನಷ್ಟು ಚುಕ್ಕಿ, ಮೂರನೆಯ ಮೆಟ್ಟಿಲ ಮೂಲೆಯಲ್ಲಿ.
ಮೊದಲು ಎಲೆಯ ಚೂರೆಂದುಕೊಂಡೆ,
ಆಮೇಲೆ ಮಗಳ ಸರದಿಂದ ಉದುರಿದ ಮಣಿಯೆಂದು
ಕಾಲ ಹೆಬ್ಬೆರಳಿಂದ ತಳ್ಳಿದೆ.
ಕದಲಲಿಲ್ಲ.

ಟೌನ್ಸ್‌ವಿಲ್‌ನ ಅಕ್ಟೋಬರ್. ಮಳೆಗೆ ಇನ್ನೂ ಎರಡು ತಿಂಗಳು.
ಹಿತ್ತಲ ಮಾವಿನ ಮರದಲ್ಲಿ ಬಾವಲಿಗಳ ಪಂಚಾಯ್ತಿ.
ನೀರು ಎಷ್ಟು ಬೆಚ್ಚಗೆಂದರೆ
ಹಾಗೇ ಮಗುವಿಗೆ ಎರೆಯಬಹುದು.

ಈ ಮನೆ ಮಾರಿದ ಕಾರ್ಮೆಲಾ ಅಜ್ಜಿ
ಬೀಗದ ಕೈ ಕೊಡುವಾಗಲೇ ಹೇಳಿದ್ದಳು:
"ಕಬ್ಬಿನ ಗದ್ದೆ ಮಾರಿದ ದುಡ್ಡಲ್ಲಿ ನನ್ನ ಗಂಡ ಕಟ್ಟಿಸಿದ ಕೊಳ.
ಮೆಟ್ಟಿಲ ಮೇಲೊಂದು ಕಣ್ಣಿಟ್ಟಿರು."
ಮಕ್ಕಳು ಜಾರಿಯಾರೆಂದು ಹೇಳಿದಳೆಂದುಕೊಂಡೆ.

ನಾನು ಹಲ್ಲಿನ ಡಾಕ್ಟರು.
ಪಾಚಿಗಟ್ಟಿದ ಹಲ್ಲುಗಳ ನಡುವೆಯೇ ನನ್ನ ಅನ್ನ.
ಹನ್ನೆರಡು ವರ್ಷದಿಂದ ಬಾಯಿ ತೆರೆಸಿ ಕೇಳುತ್ತ ಬಂದಿದ್ದೇನೆ:
ದಿನಾ ಉಜ್ಜುತ್ತೀರಾ?
ಸಂದಿಗಳಲ್ಲಿ ದಾರ ಎಳೆಯುತ್ತೀರಾ?
ಎಲ್ಲರೂ ಎಳೆಯುತ್ತಾರೆ.
ಗಣಿ ಕೆಲಸದವರು, ಟೀಚರುಗಳು, ಬ್ಯಾರಕ್ಕಿನ ಹುಡುಗರು,
ಬಾಯಲ್ಲಿ ನನ್ನ ಕನ್ನಡಿ ಇರುವಾಗಲೇ ಹೇಳುತ್ತಾರೆ, "ಆಂ."
ಒಸಡು ಮಾತ್ರ, ಮುಟ್ಟಿದರೆ ರಕ್ತ ಕಾರಿ
ಸಾಕ್ಷಿ ಹೇಳುತ್ತದೆ.
ನಾನು ಏನೂ ಅನ್ನುವುದಿಲ್ಲ.
ಹುಬ್ಬನ್ನು ಒಂದು ಕೂದಲೆಳೆಯಷ್ಟು ಎತ್ತುತ್ತೇನೆ.

ಒಂದಿದ್ದದ್ದು ಏಳಾಯಿತು, ಏಳು ಹದಿನೆಂಟು.
ಶನಿವಾರ ಬಾಟಲಿಯಲ್ಲಿ ನೀರು ಹಿಡಿದು
ಕೊಳದ ಸಾಮಾನಿನಂಗಡಿಯಲ್ಲಿ ಗ್ಲೆನಿಸಳ ಮುಂದೆ ನಿಂತೆ.
ಮೂಗಿನ ತುದಿಗೆ ಕನ್ನಡಕ, ತೋಳಲ್ಲಿ ಆಮೆಯ ಹಚ್ಚೆ.
ಗಾಜಿನ ನಳಿಗೆಗೆ ಹನಿ ಬಿಟ್ಟು, ಬೆಳಕಿಗೆ ಹಿಡಿದು ಹೇಳಿದಳು:
"ಇದಕ್ಕೆ ಬೇರಿದೆ ಕಣಮ್ಮ, ಗಾರೆಯೊಳಗೆ ಇಳಿದಿದೆ.
ಮೇಲೊಂದು ಲೋಳೆಯ ಟೋಪಿ.
ಮದ್ದು ಸುರಿದರೆ ಕೊಡೆ ಹಿಡಿದು ನಿಂತಿರುತ್ತದೆ.
ಮೊದಲು ಟೋಪಿ ಹರಿಯಬೇಕು. ಉಕ್ಕಿನ ಬ್ರಷ್ಷು."
ಆಮೇಲೆ, ಮಾತ್ರೆಯ ಡಬ್ಬಕ್ಕೆ ಲೆಕ್ಕ ಹಾಕುತ್ತ, ತಲೆ ಎತ್ತದೆ:
"ದಿನಾ ಉಜ್ಜುತ್ತೀಯಾ?"

"ಹೂಂ," ಅಂದೆ.

ಎಷ್ಟು ಸಲೀಸಾಗಿ ಬಂತು, ಎಣ್ಣೆ ಹಚ್ಚಿದ ಹೂಂ!
"ಹೆಚ್ಚುಕಮ್ಮಿ ದಿನಾ," ಅಂತ ಬಾಲವನ್ನೂ ಸೇರಿಸಿದೆ.
ಬ್ರಷ್ಷು ಗ್ಯಾರೇಜಿನಲ್ಲಿ, ಬೆಲೆಯ ಚೀಟಿ ಸಮೇತ,
ಈಸ್ಟರಿನಿಂದ ನೇತಾಡುತ್ತಿದೆ.
ಗ್ಲೆನಿಸ್ ಏನೂ ಅನ್ನಲಿಲ್ಲ.
ಹುಬ್ಬು...
ಆ ಹುಬ್ಬು ನನಗೆ ಗೊತ್ತು.

ಆ ರಾತ್ರಿ ಕೈಗೆ ಕ್ಲಿನಿಕ್ಕಿನ ನೀಲಿ ಗ್ಲೌಸು ತೊಟ್ಟು
ಸೊಂಟದ ತನಕ ಇಳಿದು ಉಜ್ಜಿದೆ.
ತಂತಿ ಗಾರೆಗೆ ತಾಗಿ ಕರಕರ,
ರೋಗಿಗಳ ದವಡೆಯಲ್ಲಿ ದಿನಾ ಕೇಳುವ ಸದ್ದೇ,
ಈ ಸಲ ನನ್ನ ಹಲ್ಲು ಜುಮ್ಮೆಂದಿತು.
ಒಂದೊಂದು ಚುಕ್ಕಿಯೂ ಕರಿ ಹೊಗೆ ಬಿಟ್ಟು
ಕೆಳಗೆ ಇನ್ನೂ ಕರ್ರಗೆ ಕಂಡಿತು.
ಮೇಲೆ ಬಂದು, ಮಾತ್ರೆಯನ್ನು ಕೋಲಿಗೆ ಸಿಕ್ಕಿಸಿ
ಗಾಯಗಳಿಗೆ ಒತ್ತಿ ಹಿಡಿದೆ.
ಬೇಲಿಯಾಚೆ ಕರ್ಲ್ಯೂ ಹಕ್ಕಿಯೊಂದು
ಹೆರಿಗೆ ಕೋಣೆಯಿಂದೆಂಬಂತೆ ಚೀರಿ ಸುಮ್ಮನಾಯಿತು.

ಎರಡು ವಾರ ಎಂದಿದ್ದಳು. ಹನ್ನೊಂದು ದಿನ ಉಜ್ಜಿದೆ.
(ಹತ್ತು. ಒಂದು ದಿನ ಮಗಳಿಗೆ ಜ್ವರ.)
ಹದಿನೇಳು ಹೋದವು. ಒಂದಿದೆ,
ಏಣಿಯ ಹಿಂದೆ, ಬುದ್ಧಿಹಲ್ಲಿನ ಬೆನ್ನಿನಂಥ ಜಾಗದಲ್ಲಿ,
ಬ್ರಷ್ಷು ಹೋಗದಲ್ಲಿ.

ಸೋಮವಾರ ಕುರ್ಚಿಯಲ್ಲಿ ಮಿಸ್ಟರ್ ಪೆಟ್ರಿ, ನಿವೃತ್ತ ರೈಲು ಚಾಲಕರು.
ಕನ್ನಡಿ ಒಳಗಿಟ್ಟೆ. ಕೆಳದವಡೆಯ ಹಿಂದೆ ಕಲ್ಲಿನ ಗೋಡೆ.
ಕಣ್ಣು ಮುಚ್ಚಿ ಪ್ರಶ್ನೆಗೆ ಕಾಯುತ್ತಿದ್ದರು;
ಉತ್ತರ ನಾಲಿಗೆಯ ಮೇಲೆ ಸಿದ್ಧವಿತ್ತು, ನನಗೆ ಕಾಣುತ್ತಿತ್ತು.
ಕನ್ನಡಿ ಹೊರಗೆ ತೆಗೆದೆ.
"ಬ್ರಷ್ಷು ಎಲ್ಲಿ ಹೋಗುವುದಿಲ್ಲ, ತೋರಿಸಿ," ಅಂದೆ.
ಬಹಳ ಹೊತ್ತಿನ ಮೇಲೆ
ದಪ್ಪ ಬೆರಳೊಂದು ಹೊಟ್ಟೆಯ ಮೇಲಿಂದ ಎದ್ದು
ತನ್ನದೇ ಬಾಯಿಯ ಕತ್ತಲಿನತ್ತ ಹೊರಟಿತು.