ಒಂದ ಹಾಸಿಗಿ, ಎರಡು ಪಾಳಿ

ಬಾರ್ಜು ನಿಂತ ವರ್ಷ
ಇವರ ಮೈಯಿಂದ ಕೆಂಪು ಹೋಗಾಕ
ಎಂಟು ತಿಂಗಳ ಹಿಡೀತು.
ಅದಿರಿನ ದೋಣಿಯ ಹೊಟ್ಟಿಯೊಳಗ
ಹದಿನೇಳು ವರ್ಷ ಇಂಜಿನ್ನಿಗೆ ಎಣ್ಣಿ ಹಾಕಿದವರು.
ಎಷ್ಟ ತಿಕ್ಕಿ ಒಗದರೂ ತಲಿದಿಂಬಿನ ಮ್ಯಾಲ
ಜಾಜು ಬಳದಂಥ ಒಂದು ತಲಿಯ ಅಚ್ಚು.
ಕಡೀಕ ಒಂದಿನ ದಿಂಬು ಬೆಳ್ಳಗಾತು.
ಅದನ್ನ ನೋಡಿ ನನಗ ಯಾಕೋ ಹೆದರಿಕಿ ಬಂತು.

ಈಗ ಪಣಜಿಯೊಳಗ ಒಂದು ಕಟ್ಟಡ ಕಾಯ್ತಾರ,
ರಾತ್ರಿ ಎಂಟರಿಂದ ಮುಂಜಾನೆ ಎಂಟು.
ತೋಳಿನ ಮ್ಯಾಲ ಯಾವುದೋ ಕಂಪನಿ ಹೆಸರು,
ಕೈಯಾಗ ರಿಜಿಸ್ಟರು:
ಬಂದವರ ಹೆಸರು, ಗಾಡಿ ನಂಬರು, ಯಾವ ಮಹಡಿ,
ಹೊರಗ ಹೋದ ಟೈಮು, ಒಳಗ ಬಂದ ಟೈಮು.
ಇಂಜಿನ್ನಿನ ಗದ್ದಲದಾಗ ಕೂಗಿ ಕೂಗಿ ರೂಢಿ;
ಲಿಫ್ಟಿನ ಮುಂದ ಇವರು ಬಾಯಿ ತಗದರ
ಮ್ಯಾಲಿನ ಮನಿಯವರು ಬೆಚ್ಚಿ ಬೀಳೋರಂತ.
ದನಿ ಇಳಸೋದು ಕಲ್ತಾರ.
ಮನಿಯಾಗೂ ಇಳಿಸ್ಯಾರ.
ಅದು ನನಗ ಸೇರಂಗಿಲ್ಲ.

ವಾಸ್ಕೋದ ಗುಡ್ಡದ ಮ್ಯಾಲ ಒಂದೂವರಿ ಖೋಲಿ,
ಮಂಚ ಒಂದ. ಅದು ಶಿವಲೀಲಾಂದು,
ಹತ್ತನೇತ್ತೆ ಓದೂಮುಂದ ಕಂತಿನ ಮ್ಯಾಲ ತಂದದ್ದು.
ಆಕಿ ಜಡಿ ಹಾಕ್ಕೋತ ಬಸ್ಸಿಗೆ ಓಡಿದ ಮ್ಯಾಲ
ಇವರು ಬಂದು, ಬೂಟು ಬಿಚ್ಚಿ, ಅಲ್ಲೇ ಒರಗೋರು.
ಸಂಜಿಗೆ ಇವರು ಏಳೋರು, ಆಕಿ ಬರೋಕಿ.
ಎರಡು ವರ್ಷ ಆ ಹಾಸಿಗಿ ಆರಲೇ ಇಲ್ಲ.
ಅಪ್ಪ ಮಗಳು ಮಾತಾಡಿದ್ದು ಕಡಿಮಿ,
ದಿಂಬಿನ ಕೆಳಗ ಚೀಟಿ ಇಡೋರು.
ಆಕಿದು ನಾಗರಿ, ಇವರದು ಕನ್ನಡ,
ಒಬ್ಬರದು ಒಬ್ಬರಿಗೆ ಓದಾಕ ಬರಂಗಿಲ್ಲ.
ಬಸ್ಸಿನ ಬೋರ್ಡು ನೋಡಿ ನೋಡಿ ಎರಡೂ ಕಲ್ತಾಕಿ ನಾನು,
ನಡುವ ಟಪಾಲು.

ಸೀಟು ಸಿಕ್ಕದ್ದು ಧಾರವಾಡಕ್ಕ, ಕೃಷಿ ಕಾಲೇಜಿಗೆ.
"ನಾವು ಬಿಟ್ಟ ಬಂದ ಊರಕಡೆನ ಹೊಂಟಾಳಲ್ಲ!"
ನಾನು ನಕ್ಕೆ. ಇವರು ನಗಲಿಲ್ಲ.
"ಜುವಾರಿಯಾಗ ಭರತಿ ಬಂದರ
ನೀರು ಹಿಂದಕ್ಕ ಹರೀತದ," ಅಂದ್ರು,
"ಬಾರ್ಜಿನವರು ಅದಕ್ಕ ಕಾಯ್ತೇವಿ."
ಕಾಯ್ತಿದ್ವಿ ಅನ್ನಲಿಲ್ಲ, ಕಾಯ್ತೇವಿ ಅಂದ್ರು.

ಕನ್ನಡ ಆಕಿ ಬಾಯಾಗ ಐತಿ, ಕೈಯಾಗಿಲ್ಲ.
ನಾನೀಗ ಖಾನಾವಳಿಗೆ ದಿನಾ ನೂರಿಪ್ಪತ್ತು ರೊಟ್ಟಿ ಬಡೀತೇನಿ;
ಪರಾತದಾಗ ಹಿಟ್ಟು ಹರವಿ
ಬಟ್ಟಿಲೆ ಅಕ್ಷರ ತಿದ್ದಿಸಿದೆ.
'ಠ' ನೋಡಿ, "ಸುಟ್ಟ ಚುಕ್ಕಿ ಬಿದ್ದ ರೊಟ್ಟಿ" ಅಂದಳು.
'ಋ' ಬ್ಯಾಡ ಅಂದಳು, ಬಿಟ್ಟೆ.
ಒತ್ತಕ್ಷರ ಮುಗಿಯೂದ್ರಾಗ
ರೈಲಿನ ದಿನ ಬಂತು.

ಇವರು ಒಂದು ರಾತ್ರಿ ಪಗಾರ ಬಿಟ್ಟು ಸ್ಟೇಷನ್ನಿಗೆ ಬಂದ್ರು.
ಏನೂ ಮಾತು ಹೊಳೀದ, "ಯಾವ ಮಹಡಿ?" ಅಂತ ಕೇಳಿದ್ರು.
"ಹಾಸ್ಟೆಲ್ಲಾ? ಎರಡನೇದು, ಪಪ್ಪಾ."
ಕಿಸೆದಾಗಿನ ಸಣ್ಣ ನೋಟ್‌ಬುಕ್ಕಿನ್ಯಾಗ ಬರಕೊಂಡ್ರು:
ಹೆಸರು, ಬೋಗಿ ನಂಬರು, ಹೊಂಟ ಟೈಮು.
ಅದರ ಬಾಜೂಕ ಒಂದು ಖಾನೆ ಗೆರಿ ಎಳದು
ಹಂಗ ಬಿಟ್ರು.

ಮರುದಿನ ದಿಂಬಿನ ಕೆಳಗ ಚೀಟಿ, ಕನ್ನಡದಾಗ:
"ಪಪಾ, ಹಾಸಿಗಿ ನಿಮದ. ಕಾಲು ಚಾಚಿ ಮಲಕೋರಿ."
ಒತ್ತಕ್ಷರ ಇಲ್ಲದ ಪಪ್ಪ.
ಮೂರು ಸಲ ಓದಿದ್ರು, ನನ್ನ ಕೈಗೆ ಕೊಡಲಿಲ್ಲ.
ಆದರೂ ಗ್ವಾಡಿ ಕಡೆಗೆ ಸರದ ಮಲಗ್ತಾರ,
ಸಂಜಿ ಐದಾತಂದ್ರ ಗಡಬಡಿಸಿ ಎದ್ದು
ಚಾದರ ಮಡಚಿ ಜಾಗಾ ಬಿಡ್ತಾರ.

ಸಣ್ಣಾಂವ ಮೌನೇಶ
ರಾತ್ರಿ ಪಾಳಿಗೆ ಅರ್ಜಿ ಹಾಕ್ಯಾನ:
"ಅವ್ವಾ, ಮಂಚ ಖಾಲೀನ ಐತಲ್ಲ."
ಇನ್ನ ನಾಕ ದಿನ ತಡಿ ಅಂದೇನಿ.
ಅಂವ ನೆಲದ ಮ್ಯಾಲ ನಿದ್ದಿ ಹತ್ತಿದ ಮ್ಯಾಲ
ನಾನೇ ಹೋಗಿ ಅಲ್ಲಿ ಒರಗ್ತೇನಿ.
ಹತ್ತೊಂಬತ್ತು ವರ್ಷದ ಗೋವಾದಾಗ
ಒಂದು ಹಾಸಿಗಿ ಇಷ್ಟು ತಣ್ಣಗ ಇರತೈತಂತ
ನನಗ ಗೊತ್ತಿರಲಿಲ್ಲ.