ದಾವಲಸಾಬನ ಹಾಜರಿ

ಪುಸ್ತಕ ಅಂದ್ರ ಪುಸ್ತಕಲ್ಲ ಅದು,
ವರ್ಕ್‌ಶಾಪಿನ ಸ್ಟೋರಿನವರು ಒಗದ ಉದ್ದನ ರಜಿಸ್ಟರು.
ಮೊದಲ ಹತ್ತು ಪುಟ ನಟ್ಟು, ಬೋಲ್ಟು, ಗ್ರೀಸಿನ ಲೆಕ್ಕ.
ಹನ್ನೊಂದನೇದಕ್ಕ ಬೇವು.

ಹುಬ್ಬಳ್ಳಿ, ಗದಗ ರೋಡು, ರೈಲ್ವೆ ಕ್ವಾರ್ಟರ್ಸಿನ ಹಿಂದ
ನಾಕು ಮಡಿ, ಒಂದು ನಳ, ಹದಿನೇಳು ಗಿಡ.
ಗಾರ್ಡನ್ ಅಂತ ಬೋರ್ಡು ಹಚ್ಚಿದವರು ಯಾರೋ.
ಮೂವತ್ತೊಂದು ವರ್ಷ ನೀರು ಬಿಟ್ಟವ ದಾವಲಸಾಬ,
ಈಗ ನಾನು, ನಿಂಬವ್ವ.
ಕೆಲಸ ಒಪ್ಪಿಸೂ ದಿನ
ಕುಡಗೋಲು, ಸಲಿಕಿ, ತೂತು ಬಿದ್ದ ಪೈಪು
ಎಣಿಸಿ ಕೊಟ್ಟ. ಕಡೀಕ ಇದನ್ನ.
'ಶಿವರಾತ್ರಿ ಮುಗೀಲಿ, ಆಮ್ಯಾಲ ಹಾಜರಿ ಕೂಗು.
ಒಂದೊಂದು ತಡಾ ಮಾಡ್ತಾವ. ಬೈಬ್ಯಾಡ.'

ರಾತ್ರಿ ಮನಿಯಾಗ ಓದಿದೆ.

ಹೊಂಗಿ: ಬಂದೈತಿ. ಕೆಳಗ ಕಾಲಿಡಾಕ ಮನಸಾಗವಲ್ದು.
ಮಾವು: ಬಂದಿತ್ತು. ಮಂಜು ಬಿದ್ದು ಕರ್ರಗಾತು.
ನುಗ್ಗಿ: ಕೇಳಬ್ಯಾಡ್ರಿ, ಯಾವಾಗಲೂ ಹಾಜರು.
ಕಕ್ಕಿ: ಗೈರು.
ಮುಂದಿನ ವರ್ಷ, ಕಕ್ಕಿ: ಗೈರು.
ಅದರ ಮುಂದಿನ ವರ್ಷ, ಗೈರು, ಯಾಕೋ ಏನೋ.
ಹಿಂಗ ಏಳು ವರ್ಷ.
ಎಂಟನೇ ವರ್ಷ ತಾರೀಖಿಲ್ಲ, ಅಕ್ಷರಿಲ್ಲ,
ಹೂವನ್ನ ಇಟ್ಟು ಪುಟ ಮುಚ್ಚ್ಯಾನ.
ಅರಿಶಿಣದ ಕಲಿ, ಆಚೀ ಪುಟಕ್ಕೂ ಹತ್ತೇತಿ.

ಇನ್ನೊಂದು ಕಡೆ, ಬೇವಿನ ಕೆಳಗ, ಸಂಪಿಗಿ ಮ್ಯಾಲ,
ಜುಲೇಖಾ: ಇವತ್ತ ನಕ್ಕಳು.
ಯಾರು ಅಂತ ನಾ ಕೇಳಿಲ್ಲ.
ಗಿಡದ ಸಾಲಿನಾಗ ಬರದದ್ದು,
ಗಿಡದ್ದ ಅಂತ ತಿಳಕೊಂಡೆ.

ನನ್ನ ಮೊದಲನೇ ವರ್ಷ.
ಗಿಡದ ಮುಂದ ನಿಂತು ಹೆಸರು ಕೂಗೂದಂದ್ರ ನಾಚಿಕಿ.
ಅದಕ್ಕ ಭೋಂಗಾ ಆಗೂತನಕ ಕಾದೆ.
ಸೈಕಲ್ಲು, ಸ್ಕೂಟರು, ಡಬ್ಬಿ ಸಪ್ಪಳ ಎಲ್ಲಾ ಹೋದ ಮ್ಯಾಲ
ಸಣ್ಣ ದನಿಲೆ ಅಂದೆ, 'ಬೇವು'.
ನಮ್ಮವ್ವ ನನಗ ಇಟ್ಟಿದ್ದೂ ಅದ ಹೆಸರಲ್ಲ,
ನನಗ ಗೊತ್ತಿಲ್ಲದಂಗ 'ರೀ' ಅಂದು ಬಿಟ್ಟೆ.
ನಗು ಬಂತು.
ಮ್ಯಾಲ ನೋಡಿದ್ರ ಏನೂ ಕಾಣಲಿಲ್ಲ, ಮೂಗಿಗೆ ಮೊದಲ ಗೊತ್ತಾತು:
ಸೀನೂ ಅಲ್ಲದ ಕಹಿನೂ ಅಲ್ಲದ,
ಒಗದ ದುಪ್ಪಟಿ ಬಿಸಿಲಾಗ ಒಣಗುವಾಗಿನ ವಾಸನಿ.
ತಲಿ ಕೊಡವಿದ್ರ ಕೂದಲದಾಗಿಂದ ಬಿದ್ದವು
ಅಕ್ಕಿ ನುಚ್ಚಿನಷ್ಟಷ್ಟು ಹೂವು.

ಬಾಗಿಲದ ಹತ್ತಿರ ಒಂದು ಐತಿ, ತಿಳಿಗೆಂಪಿಂದು, ಎಲಿನ ಇಲ್ಲ, ಬರೇ ಹೂ.
ದಾವಲಸಾಬಗೂ ಅದರ ಹೆಸರು ಗೊತ್ತಿರಲಿಲ್ಲ.
'ಬಾಗಿಲದಕಿ' ಅಂತ ಬರದಾನ.
ಅದರ ಕೆಳಗ ಮದುವಿ ಗೊತ್ತಾದವರು ಫೋಟೋ ತಗಸ್ಕೊಂತಾರ.
ಸಾಹೇಬ್ರು ಬಂದು 'ಕಸಾ ತಗೀವಾ' ಅಂತಾರ.
ಕಸಾ ಅಂದದ್ದಕ್ಕ ನಾ ಹತ್ತು ಗಂಟೆತನಕ ಕಸಬರಿಗಿ ಮುಟ್ಟೂದಿಲ್ಲ.

ರಂಗಪಂಚಮಿಗೆ ಹುಡುಗರ ದಂಡು ನಳಕ್ಕ ಬಂತು.
ಹಲ್ಲಷ್ಟ ಬೆಳ್ಳಗ, ಉಳದದ್ದೆಲ್ಲಾ
ಹಸಿರು, ಜಾಂಬಳಿ, ಬೆಳ್ಳಿ ಪೇಂಟು.
ತಿಕ್ಕಿ ತಿಕ್ಕಿ ತೊಳಕೊಂಡ ನೀರು ಕಾಲವಿ ಹಿಡದು
ನೆಟ್ಟಗ ದುಂಡಮಲ್ಲಿಗಿ ಮಡಿಗೆ.
'ಗಿಡ ಸತ್ರ ನಿಮ್ಮ ಹೆಸರು ಬರೀತೀನಿ ಭಾಡ್ಯಾಗೋಳ್ರ್ಯಾ!'
ಓಡಿದರು. ಒಬ್ಬಾಂವ ಹೊಳ್ಳಿ ಬಂದು
ಎರಡು ಬಕೀಟು ಚಲೋ ನೀರು ಸುರುವಿ ಹೋದ,
ಮುಖ ಗುರುತು ಸಿಗಲಿಲ್ಲ.

ನಿದ್ದಿ ಹತ್ತಲಿಲ್ಲ.
ಭೋಂಗಾಕ್ಕಿಂತ ಮೊದಲ ಹೋದೆ.
ಮಣ್ಣು ನವಿಲಿನ ಕೊಳ್ಳಾಗಿತ್ತು.
ಎಲಿ ತುಂಬ ಜಾಂಬಳಿ ಸಿಡಿ.
ಒಳಗ ಕೈಹಾಕಿ ಟೊಂಗಿ ಸರಿಸಿದೆ.
ಮೂರು.
ರಾತ್ರಿನ ಬಿಚ್ಚ್ಯಾವ.

ರಜಿಸ್ಟರ್ ತೊಡಿ ಮ್ಯಾಲ ಇಟಗೊಂಡು ಕುಂತೆ,
ಪೆನ್ನು ಮೂಡವಲ್ದು, ಅಂಗೈಗೆ ತಿಕ್ಕಿ ಬರದೆ:

ದುಂಡಮಲ್ಲಿಗಿ: ಬಂದೈತಿ, ಮೈ ತೊಳಕೊಂಡ ಬಂದೈತಿ.
ನುಗ್ಗಿ: ಕೇಳಬ್ಯಾಡ್ರಿ.
ಕಕ್ಕಿ: ಇನ್ನೂ ಇಲ್ಲ. ಬೈದಿಲ್ಲ.